ಮಾಮುವಿನ ಲೆಕ್ಕ ಕ್ಲೌಡ್‌ಗೆ ಹೋಗಬೇಕೆ?

ಹೊಸ ಕಂಪ್ಯೂಟರನ್ನು ಮೊದಲ ಸಲ ಆನ್ ಮಾಡಿದಾಗ ಅದು ಭಾಷೆ ಕೇಳುತ್ತದೆ, ವೈಫೈ ಪಾಸ್‌ವರ್ಡ್ ಕೇಳುತ್ತದೆ, ಇಮೇಲ್ ಕೇಳುತ್ತದೆ. ಆಮೇಲೆ ನಮ್ಮ ಫೈಲುಗಳನ್ನು ಕ್ಲೌಡ್‌ನಲ್ಲಿ ಇಡುವ ವಿಷಯ ಬರುತ್ತದೆ. ಅಷ್ಟು ಹೊತ್ತಿಗೆ ನಮಗೆ ಸಾಕಾಗಿರುತ್ತದೆ. ‘ನೆಕ್ಸ್ಟ್’ ಒತ್ತಿ ಮುಂದೆ ಹೋಗುತ್ತೇವೆ. ಆ ಒಂದು ಒತ್ತಿನಲ್ಲಿ ನಾವು ಯಾವುದಕ್ಕೆ ಒಪ್ಪಿದೆವು, ಒಪ್ಪಬೇಕಿತ್ತೇ ಎಂಬುದೇ ಈ ಲೇಖನದ ವಿಷಯ.

ನಾನು ಕಂಪ್ಯೂಟರ್ ಪಂಡಿತೆಯಲ್ಲ, ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ಈ ಪ್ರಶ್ನೆ ನನ್ನ ಬಳಿ ಬಂದದ್ದು ನನ್ನ ಮಾಮುವಿನಿಂದ. ಪೀಣ್ಯ ಎರಡನೇ ಹಂತದಲ್ಲಿ ಅವರದೊಂದು ಸಣ್ಣ ಶೆಡ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ನಾಲ್ಕು ಜನ ಕೆಲಸಗಾರರು. ದೊಡ್ಡ ಕಂಪನಿಗಳು ಡ್ರಾಯಿಂಗ್ ಕಳಿಸುತ್ತವೆ, ಮಾಮು ಅದರಂತೆ ಬಿಡಿಭಾಗ ಮಾಡಿಕೊಡುತ್ತಾರೆ. ಅಲ್ಲಿನ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ರಂಜಾನ್ ಮುಗಿಯುವ ಹೊತ್ತಿಗೆ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಎಸ್.ಪಿ. ರಸ್ತೆಯ ರಿಪೇರಿಯವರು ಕಿವಿಗೊಟ್ಟು ಕೇಳಿ, “ಇವತ್ತೇ ಎಲ್ಲಾ ತೆಕ್ಕೊಳ್ಳಿ, ನಾಳೆ ಅನ್ನಬೇಡಿ” ಎಂದರು. ಎಲ್ಲವೂ ಸಿಕ್ಕಿತು. ಹೊಸ ಕಂಪ್ಯೂಟರ್ ಬಂತು. ಅದರ ಜೊತೆಗೆ ಮೇಲೆ ಹೇಳಿದ ಪ್ರಶ್ನೆಯೂ ಬಂತು.

ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಭಾಯ್, “ಎಲ್ಲಾ ಕ್ಲೌಡ್‌ಗೆ ಹಾಕಿ ಆರಾಮಾಗಿರಿ” ಎಂದ. ಶೆಡ್‌ನ ಹಿರಿಯ ಟರ್ನರ್ ಒಪ್ಪಲಿಲ್ಲ. “ನಮ್ ಲೆಕ್ಕ ಇನ್ನೊಬ್ರ ಮನೇಲಿ ಯಾಕಿಡಬೇಕು ಸಾಹೇಬ್ರೆ?” ಎಂದು ಕೇಳಿದರು. ಮಾಮು ನನ್ನ ಕಡೆ ತಿರುಗಿದರು. “ಬೇಟಾ, ನೀನು ಹಿಸಾಬು ಓದ್ತಿದ್ದೀಯ. ನೋಡಿ ಹೇಳು.” ನೋಡಿ ಹೇಳಲು ನನಗೆ ಮೂರು ವಾರ ಬೇಕಾಯಿತು. ಯಾಕೆಂದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸರಿ ಇತ್ತು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕ್ಲೌಡ್ ಎಂದರೆ ಮೋಡವಲ್ಲ, ಕಟ್ಟಡ. ಸಾಲುಸಾಲು ಕಂಪ್ಯೂಟರ್, ಅವನ್ನು ತಣ್ಣಗಿಡುವ ಎಸಿ, ಕರೆಂಟ್ ಹೋದರೆ ಓಡುವ ಜನರೇಟರ್, ಬಾಗಿಲಲ್ಲಿ ಕಾವಲು. ಅದಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ನಮ್ಮ ವೈಟ್‌ಫೀಲ್ಡ್ ಸುತ್ತಮುತ್ತಲೂ ಇಂಥ ಕಟ್ಟಡಗಳಿವೆ, ಹೊರಗಿನಿಂದ ಗೋದಾಮಿನ ಹಾಗೆ ಕಾಣುತ್ತವೆ. ಮೈಕ್ರೋಸಾಫ್ಟ್ ಭಾರತದಲ್ಲಿ ತನ್ನ ಡೇಟಾ ಸೆಂಟರ್‌ಗಳನ್ನು 2015ರಲ್ಲಿ ತೆರೆಯಿತು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬಯಿಯಲ್ಲಿ ಆರಂಭಿಸಿದವು. ಆದರೆ ನಮ್ಮ ನಿಮ್ಮಂಥವರ ಉಚಿತ ಖಾತೆಯ ಫೈಲು ಯಾವ ಊರಿನ ಯಾವ ಕಟ್ಟಡದಲ್ಲಿ ಕೂತಿದೆ ಎಂದು ಆರಿಸುವ ಅವಕಾಶ ನಮಗಿಲ್ಲ. ಆ ಟರ್ನರ್ ‘ಇನ್ನೊಬ್ಬರ ಮನೆ’ ಎಂದದ್ದು ಅಕ್ಷರಶಃ ನಿಜ.

ಇನ್ನು ಭಾಯ್ ಹೇಳಿದ ‘ಆರಾಮ’ದ ವಿಷಯ. ಇಲ್ಲೇ ನಾನು ಹೆಚ್ಚು ಹೊತ್ತು ಕಳೆದೆ, ನೀವೂ ಸ್ವಲ್ಪ ನಿಲ್ಲಿ.

ಮಾಮುವಿನ ಮೇಜಿನ ಮೇಲೆ ಇವತ್ತಿಗೂ ಒಂದು ಡೆಲಿವರಿ ಚಲನ್ ಪುಸ್ತಕ ಇದೆ. ಮೇಲಿನ ಹಾಳೆ, ನಡುವೆ ಕಾರ್ಬನ್, ಕೆಳಗೆ ನಕಲು. ಮೇಲಿನ ಹಾಳೆ ಹರಿದು ಗಿರಾಕಿಗೆ ಹೋಗುತ್ತದೆ. ಅದನ್ನು ಅವರು ಕಳೆದುಕೊಂಡರೂ, ಅದರ ಮೇಲೆ ಚಹಾ ಚೆಲ್ಲಿದರೂ, ಯಾರಾದರೂ ಅಂಕಿ ತಿದ್ದಿದರೂ ಪುಸ್ತಕದಲ್ಲಿ ಉಳಿದ ನಕಲಿಗೆ ಏನೂ ಆಗುವುದಿಲ್ಲ. ಹಾಳೆ ಹರಿದ ಕ್ಷಣದಿಂದ ಎರಡಕ್ಕೂ ಸಂಬಂಧ ಕಡಿದಿದೆ. ಬ್ಯಾಕಪ್ ಎಂದರೆ ಇದು.

ಕಂಪ್ಯೂಟರ್ ಮೊದಲ ದಿನ ಕೇಳುವುದು ಇದನ್ನಲ್ಲ. ಅದು ಕೊಡುವುದು ಸಿಂಕ್. ಸಿಂಕ್ ಎಂದರೆ ಕನ್ನಡಿ. ಇಲ್ಲಿ ನೀವು ಕೈ ಎತ್ತಿದರೆ ಅಲ್ಲೂ ಕೈ ಎತ್ತುತ್ತದೆ. ಇಲ್ಲಿ ಫೈಲು ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ವೈರಸ್ ಬಂದು ಫೈಲನ್ನು ಕೆಡಿಸಿದರೆ ಕೆಟ್ಟ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ವಿಂಡೋಸ್‌ನ ಒನ್‌ಡ್ರೈವ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಬ್ಯಾಕಪ್ ಆನ್ ಆಗಿದೆ ಎಂದುಕೊಳ್ಳಿ. ಜಾಗ ತುಂಬಿತೆಂದು ನೀವು ಫೋನಿನಿಂದ ಕ್ಲೌಡ್‌ನ ಫೋಟೊಗಳನ್ನು ಅಳಿಸಿದರೆ ಮೇಜಿನ ಮೇಲಿನ ಕಂಪ್ಯೂಟರಿನಿಂದಲೂ ಅವು ಹೋಗುತ್ತವೆ. ಮಾಯವಾದದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಗೂಗಲ್ ಡ್ರೈವ್‌ನಲ್ಲೂ ಅಷ್ಟೇ. ಮೂವತ್ತು ದಿನದೊಳಗೆ ಗಮನಿಸಿದರೆ ವಾಪಸು ಸಿಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಆಡಿಟ್ ಫೋಲ್ಡರ್ ಆಗಿದ್ದರೆ?

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಫೈಲಿನ ಹೆಸರಿನ ಪಕ್ಕ ಪುಟ್ಟ ಮೋಡದ ಚಿತ್ರ ಇದ್ದರೆ ಆ ಫೈಲು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಬರೀ ಹೆಸರು ಇದೆ. ತೆರೆಯಲು ಇಂಟರ್ನೆಟ್ ಬೇಕು. ಹಸಿರು ಟಿಕ್ ಇದ್ದರೆ ಇಲ್ಲಿಯೂ ಇದೆ. ಇದನ್ನು ತಿಳಿಯದೆ “ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ” ಎಂದು ನಂಬಿಕೊಂಡು ನೆಟ್ ಇಲ್ಲದ ಊರಿಗೆ ಹೋದರೆ ಪ್ರಾಜೆಕ್ಟ್ ತೆರೆಯುವುದಿಲ್ಲ.

ಹಾಗಾದರೆ ದೊಡ್ಡ ಕಟ್ಟಡ, ಜನರೇಟರ್, ಕಾವಲು ಎಲ್ಲ ಇದ್ದರೂ ಕ್ಲೌಡ್ ಸುಟ್ಟುಹೋಗಬಹುದೇ? ಹೋಗಿದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ಡೇಟಾ ಸೆಂಟರ್‌ನ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಕ್ಲೌಡ್ ನಾಶವಾಯಿತು. ಹೋದದ್ದು 858 ಟೆರಾಬೈಟ್. ಬೇರೆ ಕಡೆ ನಕಲು ಇರಲಿಲ್ಲ. ಗಾತ್ರ ತೀರಾ ದೊಡ್ಡದಾದ್ದರಿಂದ ನಕಲು ಮಾಡಲಾಗಿರಲಿಲ್ಲ ಎಂದು ಅಧಿಕಾರಿಗಳು ಹೇಳಿದರು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಕಥೆ ಇದು.

ಬೆಂಕಿಗಿಂತ ಹೆಚ್ಚು ಸಾಮಾನ್ಯವಾದ ಅಪಾಯ ಬಾಗಿಲು ಮುಚ್ಚಿಹೋಗುವುದು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಪ್ರಕಟಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ ತನ್ನ ಪುಟ್ಟ ಮಗನ ಸೋಂಕನ್ನು ವೈದ್ಯರಿಗೆ ತೋರಿಸಲು ಫೋಟೊ ತೆಗೆದಿದ್ದರು. ಫೋಟೊ ತಾನಾಗಿ ಕ್ಲೌಡ್‌ಗೆ ಹೋಯಿತು. ಅಲ್ಲಿ ತಪ್ಪು ಚಿತ್ರಗಳನ್ನು ಹುಡುಕುವ ಯಂತ್ರ ಅದನ್ನು ಅನುಮಾನಿಸಿತು, ಗೂಗಲ್ ಖಾತೆ ಮುಚ್ಚಿತು. ಪೊಲೀಸರು ವಿಚಾರಿಸಿ ಯಾವ ಅಪರಾಧವೂ ಇಲ್ಲ ಎಂದರೂ ಖಾತೆ ತೆರೆಯಲಿಲ್ಲ. ವರ್ಷಗಳ ಫೋಟೊ, ಇಮೇಲ್, ಎಲ್ಲ ಒಂದೇ ಬಾಗಿಲ ಹಿಂದೆ ಉಳಿದವು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಅದನ್ನು ಹಾಗೇ ವಾಪಸು ಕೊಡಬೇಕು. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ಚಿಕ್ಕವಳಿದ್ದಾಗ ‘ಅಧಿಕಾರಿ ಅಮಾನತು’ ಎಂಬ ಶೀರ್ಷಿಕೆ ಓದಿ ಅಧಿಕಾರಿಯನ್ನು ಯಾರ ಮನೆಯಲ್ಲಿ ಇಟ್ಟಿದ್ದಾರೋ ಎಂದುಕೊಳ್ಳುತ್ತಿದ್ದೆ. ಕ್ಲೌಡ್ ಖಾತೆಗೆ ಎರಡು ಅರ್ಥವೂ ಹೊಂದುತ್ತದೆ. ಅದು ನಾವು ಇಟ್ಟ ಅಮಾನತ್, ಅದು ಅಮಾನತೂ ಆಗಬಹುದು.

ಇಷ್ಟೆಲ್ಲ ಓದಿದ ಮೇಲೆ ‘ಬೇಡವೇ ಬೇಡ’ ಎನ್ನಬಹುದಲ್ಲ? ಹಾಗೆ ಹೇಳಲು ಆಗದಂತೆ ತಡೆದದ್ದು ಶೆಡ್‌ನ ಪರಿಸ್ಥಿತಿ. ಕಂಪ್ಯೂಟರ್ ಇರುವುದು ಲೇತ್‌ನಿಂದ ಎಂಟು ಅಡಿ ದೂರದಲ್ಲಿ. ಕಬ್ಬಿಣದ ಪುಡಿ, ಎಣ್ಣೆ, ದಿನಕ್ಕೆ ಮೂರು ಸಲ ಹೋಗಿಬರುವ ಕರೆಂಟ್, ಮಳೆ ಬಂದರೆ ಸೋರುವ ಶೀಟು. 2022ರ ಸೆಪ್ಟೆಂಬರ್ ಮಳೆ ನಿಮಗೆ ನೆನಪಿರಬೇಕು. ಹೊರವರ್ತುಲ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಐಟಿ ನೌಕರರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋದರು. ಕೋಟಿ ಬೆಲೆಯ ಮನೆಗಳ ನೆಲಮಹಡಿಗೆ ನೀರು ನುಗ್ಗಿತು. ಆ ಮನೆಯೊಳಗಿನ ಕಂಪ್ಯೂಟರೂ, ಅದರ ಪಕ್ಕದಲ್ಲೇ ಜೋಪಾನವಾಗಿ ಇಟ್ಟ ಬ್ಯಾಕಪ್ ಡಿಸ್ಕೂ ಒಂದೇ ನೀರಿನಲ್ಲಿ ಮುಳುಗುತ್ತವೆ. ನಕಲು ಇದ್ದರೆ ಸಾಲದು, ಬೇರೆ ಜಾಗದಲ್ಲಿ ಇರಬೇಕು. ಪರಿಣತರು ಇದನ್ನು 3-2-1 ಎಂದು ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ.

ಇದು ಬರೀ ಜಾಣತನದ ಮಾತಲ್ಲ, ಕಾನೂನೂ ಕೇಳುತ್ತದೆ. ವಾಣಿಜ್ಯ ವಿಭಾಗದವರು ಇದನ್ನು ಗುರುತು ಹಾಕಿಕೊಳ್ಳಿ. ಜಿಎಸ್‌ಟಿ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ ಆ ವರ್ಷದ ಬಿಲ್ಲುಗಳು 2030ರ ಕೊನೆಯವರೆಗೆ ಇರಬೇಕು. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರಿಗೆ ಜಿಎಸ್‌ಟಿ ನಿಯಮ 57 ಇನ್ನೂ ಸ್ಪಷ್ಟವಾಗಿದೆ. ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ದಾಖಲೆ ನಾಶವಾದರೆ ತಕ್ಕ ಸಮಯದೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ನೋಂದಾಯಿತ ಕಂಪನಿಗಳಿಗೆ ಇದಕ್ಕಿಂತ ಬಿಗಿ. 2022ರ ಆಗಸ್ಟ್‌ನಲ್ಲಿ ಕಂಪನಿ ಲೆಕ್ಕಪತ್ರ ನಿಯಮಗಳಿಗೆ ತಿದ್ದುಪಡಿ ಬಂದು, ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕು ಎಂದಾಯಿತು. ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. ಮಾಮುವಿನದು ಕಂಪನಿಯಲ್ಲ, ಒಬ್ಬರೇ ಮಾಲೀಕರು. ಹಾಗಾಗಿ ಅವರಿಗೆ ಕಂಪನಿ ನಿಯಮ ಅನ್ವಯಿಸದು, ಜಿಎಸ್‌ಟಿ ನಿಯಮ ಅನ್ವಯಿಸುತ್ತದೆ.

ಆಗ ನನಗೆ ತಿಳಿದದ್ದು, ಕ್ಲೌಡ್ ಬೇಕೋ ಬೇಡವೋ ಎಂದು ಇಡೀ ಕಂಪ್ಯೂಟರಿಗೆ ಒಂದೇ ಉತ್ತರ ಹುಡುಕುವುದೇ ಸರಿಯಲ್ಲ ಎಂದು. ಫೈಲು ಯಾರದು, ಅದು ಹೋದರೆ ಯಾರಿಗೆ ನಷ್ಟ, ಬೇರೆಯವರು ನೋಡಿದರೆ ಯಾರಿಗೆ ನಷ್ಟ ಎಂದು ಕೇಳಿದ ತಕ್ಷಣ ಫೈಲುಗಳು ತಾವೇ ಬೇರೆ ಬೇರೆ ಗುಂಪಾಗಿ ನಿಲ್ಲುತ್ತವೆ.

ಗಿರಾಕಿಗಳ ಡ್ರಾಯಿಂಗ್‌ನಿಂದ ಶುರುಮಾಡಿದೆವು. ಅವು ಮಾಮುವಿನವಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಗಿರಾಕಿ ಕಂಪನಿಯ ಜೊತೆ ಸಹಿ ಮಾಡಿದ ಒಪ್ಪಂದವನ್ನು ಬೀರುವಿನಿಂದ ತೆಗೆದು ಓದಿದೆ. ಡ್ರಾಯಿಂಗನ್ನು ಮೂರನೆಯವರ ಕೈಗೆ ಕೊಡಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂದು ಅದರಲ್ಲಿ ಬರೆದಿದೆ. ಉಚಿತ ಖಾತೆಗೆ ಅಪ್‌ಲೋಡ್ ಮಾಡಿದರೆ ಅದು ಮೂರನೆಯವರ ಕೈಯೇ. ಮಾಮುವಿಗೆ ಇದನ್ನು ಹೇಳಿದಾಗ ಅವರು ಬೇರೆ ಏನೂ ಕೇಳಲಿಲ್ಲ, “ಅದು ಅಮಾನತ್, ಬಿಡು” ಎಂದರು. ಡ್ರಾಯಿಂಗ್ ಫೋಲ್ಡರನ್ನು ಡೆಸ್ಕ್‌ಟಾಪ್‌ನಿಂದ ತೆಗೆದು ‘ಡಿ’ ಡ್ರೈವ್‌ಗೆ ಹಾಕಿದೆವು. ಡೆಸ್ಕ್‌ಟಾಪ್‌ನಲ್ಲಿ ಇದ್ದರೆ ಅದು ಸಿಂಕ್ ಆಗುವ ಜಾಗ ಎಂಬುದು ನೆನಪಿರಲಿ. ಅವುಗಳ ನಕಲು ಒಂದು ಹೊರ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ. ಆ ಡಿಸ್ಕ್ ಸಂಜೆ ಮಾಮುವಿನ ಜೊತೆ ಮನೆಗೆ ಹೋಗುತ್ತದೆ.

ಲೆಕ್ಕ ಬೇರೆ ಬಗೆಯದು. ಟ್ಯಾಲಿಯಲ್ಲಿದೆ. (ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಅದು ವಿದೇಶಿ ಎಂಬ ಭ್ರಮೆ ಇದೆ.) ಅದು ಹೋದರೆ ಬಾಕಿ ವಸೂಲಿಯೂ ಇಲ್ಲ, ಆಡಿಟರ್‌ಗೆ ಕೊಡಲು ಏನೂ ಇಲ್ಲ. ಹಾಗಾಗಿ ಲೆಕ್ಕದ ಒಂದು ಪ್ರತಿ ಪೀಣ್ಯದಿಂದ ದೂರ ಇರಲೇಬೇಕು. ಆದರೆ ಟ್ಯಾಲಿಯ ಡೇಟಾ ಫೋಲ್ಡರನ್ನೇ ಸಿಂಕ್ ಜಾಗದಲ್ಲಿ ಇಡಬಾರದು. ಒಂದು ವೋಚರ್ ಹಾಕಿದರೆ ಒಳಗೆ ಹಲವು ಫೈಲುಗಳು ಒಟ್ಟಿಗೆ ಬದಲಾಗುತ್ತವೆ. ಸಿಂಕ್ ಒಂದನ್ನು ಹೊಸದಾಗಿ ಒಂದನ್ನು ಹಳೆಯದಾಗಿ ಎತ್ತಿಕೊಂಡು ಹೋದರೆ ಅದು ಯಾವ ದಿನದ ಲೆಕ್ಕವೂ ಅಲ್ಲದ ಲೆಕ್ಕವಾಗುತ್ತದೆ. ಟ್ಯಾಲಿಪ್ರೈಮ್‌ನಲ್ಲೇ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಸಿಗುತ್ತದೆ. ಅದು ಕೊಡುವ ಫೈಲೇ ಕಾರ್ಬನ್ ಪ್ರತಿ. ಅದಕ್ಕೆ ತಾರೀಖು ಹಾಕಿ ಹೆಸರಿಟ್ಟು ಅದನ್ನು ಕ್ಲೌಡ್‌ಗೆ ಹಾಕಬೇಕು. ಇವತ್ತಿನದು ನಿನ್ನೆಯದರ ಮೇಲೆ ಕೂರಬಾರದು.

ಹಾಕುವ ಮುನ್ನ ಬೀಗ. ಬ್ಯಾಂಕ್ ಲಾಕರ್ ತೆರೆಯಲು ಎರಡು ಕೀ ಬೇಕು, ಒಂದು ನಮ್ಮದು, ಒಂದು ಬ್ಯಾಂಕಿನದು. ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ನಲ್ಲಿ ನಮ್ಮ ಫೈಲಿಗೆ ಬೀಗ ಹಾಕಿಯೇ ಇಡುತ್ತಾರೆ ನಿಜ, ಆದರೆ ಕೀ ಅವರ ಬಳಿಯೇ ಇರುತ್ತದೆ. ಕೀ ನಮ್ಮದಾಗಬೇಕಾದರೆ ನಾವೇ ಮೊದಲು ಬೀಗ ಹಾಕಿ ಕಳಿಸಬೇಕು. ಸೆವೆನ್‌-ಜಿಪ್ ಎಂಬ ಉಚಿತ ತಂತ್ರಾಂಶದಿಂದ ಪಾಸ್‌ವರ್ಡ್ ಹಾಕಿದ ಜಿಪ್ ಮಾಡಬಹುದು. ನಾವು ಅದನ್ನೇ ಬಳಸಿದೆವು. ಈ ಪಾಸ್‌ವರ್ಡ್ ಮರೆತರೆ ಓಟಿಪಿ ಬಂದು ಕಾಪಾಡುವುದಿಲ್ಲ, ಜಗತ್ತಿನಲ್ಲಿ ಯಾರೂ ತೆರೆಯಲಾರರು. ಮಾಮು ಅದನ್ನು ಕಾಗದದಲ್ಲಿ ಬರೆದು, ನಾನಿಯ ಟ್ರಂಕಿನಲ್ಲಿ ಮನೆಪತ್ರದ ಜೊತೆ ಇಟ್ಟಿದ್ದಾರೆ.

ಇನ್ನು ಫೋಟೊಗಳು. ಮದುವೆ, ಈದ್, ನಾನಾ ಇದ್ದಾಗಿನ ಎರಡು ವಿಡಿಯೊ. ಒಟ್ಟು 38 ಜಿಬಿ. ಇವನ್ನು ಯಾರಾದರೂ ನೋಡಿದರೆ ಆಗುವ ನಷ್ಟಕ್ಕಿಂತ ಕಳೆದುಹೋದರೆ ಆಗುವ ನಷ್ಟ ದೊಡ್ಡದು ಎಂದು ನನ್ನ ಅಭಿಪ್ರಾಯ. ಅಮ್ಮಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರ ಕಡೆ ತೆಗೆದ ಫೋಟೊ ಕ್ಲೌಡ್‌ಗೆ ಬೇಡ ಎಂದರು. ಆ ಫೋಲ್ಡರ್ ಬೇರೆ ಮಾಡಿ ಡಿಸ್ಕ್‌ಗೆ ಹಾಕಿದೆವು. ಫೋಟೊದಲ್ಲಿ ಇರುವವರನ್ನು ಕೇಳಬೇಕು ಎಂಬುದು ನನಗೆ ಸರಿ ಎನಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆ ಹೂಡಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ತೀರ್ಪಿನ ನಂತರ 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಆ ಕಾಯಿದೆಯಲ್ಲಿ 18 ತುಂಬದವರೆಲ್ಲ ‘ಮಗು’. ಮಗುವಿನ ಮಾಹಿತಿ ಬಳಸಲು ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು. ಅಂದರೆ ಮಾಮುವಿನ ಕಂಪ್ಯೂಟರಿಗೆ ಸಲಹೆ ಕೊಡುತ್ತಿರುವ ನಾನು, ಈ ಲೇಖನ ಓದುತ್ತಿರುವ ನೀವು, ಕಾಯಿದೆಯ ಲೆಕ್ಕದಲ್ಲಿ ಮಕ್ಕಳು.

ಖರ್ಚಿನ ಲೆಕ್ಕ ಚಿಕ್ಕದು. ಉಚಿತವಾಗಿ ಗೂಗಲ್ 15 ಜಿಬಿ ಕೊಡುತ್ತದೆ (ಜಿಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ), ಮೈಕ್ರೋಸಾಫ್ಟ್ 5 ಜಿಬಿ. ಗೂಗಲ್‌ನ ಜಾಗ ತುಂಬಿದರೆ ಫೋಟೊ ನಿಲ್ಲುವುದಷ್ಟೇ ಅಲ್ಲ, ಇಮೇಲ್ ಬರುವುದೂ ನಿಲ್ಲುತ್ತದೆ. ಗಿರಾಕಿಯ ಆರ್ಡರ್ ಇಮೇಲಿನಲ್ಲಿ ಬರುವ ಮನೆಗೆ ಇದು ಸಣ್ಣ ಮಾತಲ್ಲ. ನಾವು ನೋಡಿದಾಗ 100 ಜಿಬಿಗೆ ವರ್ಷಕ್ಕೆ 1300 ರೂಪಾಯಿ ಇತ್ತು, ಐದು ವರ್ಷಕ್ಕೆ 6500. ಒಂದು ಟೆರಾಬೈಟ್ ಡಿಸ್ಕ್‌ಗೆ ಎಸ್.ಪಿ. ರಸ್ತೆಯಲ್ಲಿ ಮಾಮು ಕೊಟ್ಟದ್ದು 4500. ಕ್ಲೌಡ್ ಬಾಡಿಗೆ, ಡಿಸ್ಕ್ ಆಸ್ತಿ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಹಾಕುವ ಶೇಕಡಾ 40ರ ಸವಕಳಿ ಹಾಕಿದರೆ ಆ ಡಿಸ್ಕ್‌ನ ಪುಸ್ತಕ ಬೆಲೆ ಐದನೇ ವರ್ಷದ ಕೊನೆಗೆ 350 ರೂಪಾಯಿ. ಹಾರ್ಡ್ ಡಿಸ್ಕಿನ ಆಯುಷ್ಯವೂ ಹೆಚ್ಚು ಕಡಿಮೆ ಹಾಗೆಯೇ ಸವೆಯುತ್ತದೆ ಎಂದುಕೊಂಡು ನಡೆದರೆ ಒಳ್ಳೆಯದು.

ಹಣಕ್ಕಿಂತ ದೊಡ್ಡ ತೊಡಕು ಡೇಟಾ. ಶೆಡ್‌ನಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಮಾಮುವಿನ ಫೋನಿನ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್‌ನಲ್ಲಿ 38 ಜಿಬಿ ಕಳಿಸಲು, ಬೇರೆ ಏನನ್ನೂ ನೋಡದಿದ್ದರೂ, 26 ದಿನ ಬೇಕು. ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ಗೆ ತಂದು ಎರಡು ರಾತ್ರಿಯಲ್ಲಿ ಮುಗಿಸಿದೆ. ಲೆಕ್ಕದ ಬ್ಯಾಕಪ್ ಮಾತ್ರ ಕೆಲವೇ ಎಂಬಿ, ಅದು ಹಾಟ್‌ಸ್ಪಾಟ್‌ನಲ್ಲೇ ದಿನಾ ಹೋಗುತ್ತದೆ.

ನಮ್ಮ ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ನಮ್ಮಲ್ಲಿ ಬಹಳ ಜನರ ಕ್ಲೌಡ್ ಎಂದರೆ ವಾಟ್ಸಾಪ್. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಎಲ್ಲವನ್ನೂ ನಮಗೆ ನಾವೇ ಕಳಿಸಿಕೊಂಡು ಇಟ್ಟಿರುತ್ತೇವೆ. ಮಿಕ್ಕವರದು ಸೈಬರ್ ಸೆಂಟರಿನ ಡೆಸ್ಕ್‌ಟಾಪಿನಲ್ಲಿ ಬಿದ್ದಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಕಿ ಎದ್ದು ಬರುವಾಗ ಸ್ಕ್ಯಾನ್ ಫೈಲನ್ನು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ ಎಂದು ಕೇಳಲು ನಾಚಿಕೆ ಬೇಡ. ಅಂಕಪಟ್ಟಿಗೆ ಡಿಜಿಲಾಕರ್ ಒಳ್ಳೆಯದು. 2015ರಿಂದ ಇದೆ. ಅಲ್ಲಿ ಇಲಾಖೆಯೇ ಕೊಟ್ಟ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ. ನಾವೇ ಫೋಟೊ ತೆಗೆದು ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ, ವ್ಯತ್ಯಾಸ ಗಮನಿಸಿ. ಲ್ಯಾಬ್‌ನಲ್ಲಿ ಡ್ರೈವ್ ತೆರೆದವರು ಲಾಗ್‌ಔಟ್ ಆಗಿ ಏಳಿ.

ಖಾತೆಯ ಕೀ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಒಂದು ಸಿಮ್. ರೀಚಾರ್ಜ್ ಮಾಡದೆ ಸಿಮ್ ಬಂದ್ ಆದರೆ 90 ದಿನಗಳ ನಂತರ ಆ ನಂಬರನ್ನು ಬೇರೆಯವರಿಗೆ ಕೊಡಬಹುದು. ಓಟಿಪಿ ಅವರಿಗೆ ಹೋಗುತ್ತದೆ. ಗೂಗಲ್ ಖಾತೆಯ ಸುರಕ್ಷತಾ ಪುಟದಲ್ಲಿ ಬ್ಯಾಕಪ್ ಕೋಡ್ ಎಂಬ ಹತ್ತು ಸಂಖ್ಯೆಗಳು ಸಿಗುತ್ತವೆ, ಫೋನಿಲ್ಲದೆಯೂ ಅವುಗಳಿಂದ ಒಳಗೆ ಹೋಗಬಹುದು. ಪ್ರಿಂಟ್ ತೆಗೆದು ಮನೆಯಲ್ಲಿಡಿ.

ವಾಪಸು ಬರುತ್ತದೆಯೇ ಎಂದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ಮೊದಲ ತಿಂಗಳ ಕೊನೆಯಲ್ಲಿ ಕ್ಲೌಡ್‌ನಿಂದ ಜಿಪ್ ಇಳಿಸಿ, ನಮ್ಮ ಮನೆಯ ಲ್ಯಾಪ್‌ಟಾಪಿನ ಟ್ಯಾಲಿಯಲ್ಲಿ ರಿಸ್ಟೋರ್ ಮಾಡಿ, ತಾಳೆಪಟ್ಟಿಯನ್ನು ಶೆಡ್‌ನ ತಾಳೆಪಟ್ಟಿಯ ಪಕ್ಕದಲ್ಲಿ ಇಟ್ಟೆ. ಎರಡೂ ಬದಿ ಪೈಸೆಗೆ ಪೈಸೆ ಕೂಡಿತು. ಮೂರು ತಿಂಗಳಿಗೊಮ್ಮೆ ಹೀಗೆ ಮಾಡುವುದೆಂದು ಒಪ್ಪಂದವಾಗಿದೆ, ನನ್ನ ಕೂಲಿ ಒಂದು ಪ್ಲೇಟ್ ಬಿರಿಯಾನಿ.

ಕೊನೆಗೆ ಉಳಿದದ್ದು ನಾನಿ ಕೇಳಿದ ಪ್ರಶ್ನೆ. ಟ್ರಂಕಿನ ಕೀ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತು, ನಾಳೆ ನಿನ್ನ ಮಾಮು ಇಲ್ಲದಿದ್ದರೆ ಅದನ್ನು ಯಾರು ತೆರೆಯುತ್ತಾರೆ ಎಂದು. ಉತ್ತರ ಹುಡುಕಿದೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಎಂಬುದು ಗೂಗಲ್‌ನ ನಿಯಮ, 2023ರ ಡಿಸೆಂಬರ್‌ನಿಂದ ಅಳಿಸುವುದೂ ಶುರುವಾಗಿದೆ. ಅದಕ್ಕೆ ಮೊದಲೇ, ಇಷ್ಟು ತಿಂಗಳು ನಾನು ಕಾಣದಿದ್ದರೆ ನನ್ನ ಫೈಲುಗಳನ್ನು ಇಂಥವರಿಗೆ ಕೊಡಿ ಎಂದು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹೆಸರು ಬರೆದಿಡಬಹುದು, ಬ್ಯಾಂಕಿನ ನಾಮಿನಿಯ ಹಾಗೆ. ಮಾಮು ತಮ್ಮ ಬೇಗಂ ಹೆಸರು ಹಾಕಲು ಹೇಳಿದರು. ಮಾಮಿಗೆ ಇಮೇಲ್ ವಿಳಾಸವೇ ಇರಲಿಲ್ಲ, ಅದನ್ನೂ ಅವತ್ತೇ ಮಾಡಿದೆವು.